ಹಿತ್ತಲ ಹೊಸ್ತಿಲು

ನಮ್ಮತ್ತೆಯ ಎಡಭಾಗಕ್ಕೆ ಲಕ್ವ ಹೊಡೆದ ಮೇಲೆ ಫಿಸಿಯೋಥೆರಪಿ ಮೇಡಂ ಒಬ್ಬರು ಕೊಡಿಗೇನಹಳ್ಳಿ ಬಸ್ಸಿನಲ್ಲಿ ಮಧುಗಿರಿಯ ನಮ್ಮ ಮನೆಗೆ ಬರುತ್ತಿದ್ದರು. ಒಳಗೆ ಬಂದೊಡನೆ ಬಳೆಗಳನ್ನು ಮೊಣಕೈಯತ್ತ ಏರಿಸಿಕೊಳ್ಳುವರು. ನಾನು ಅತ್ತೆಯ ತೋಳು ಹಿಡಿಯಲು ಹೋದರೆ ಸಾಕು, "ಕೈ ಹಿಂದಕ್ಕೆ ಕಣಮ್ಮ" ಎನ್ನುವರು.

ಮೊದಲ ದಿನ ಅವರು ಅತ್ತೆಯನ್ನೇ ಕೇಳಿದರು, "ಏನ್ ಮಾಡ್ಬೇಕು ಅಂತ ಆಸೆ ಅಜ್ಜಿ ನಿಂಗೆ?"

"ಬಚ್ಚಲಿಗೆ ಒಬ್ಳೇ ಹೋಗ್ಬೇಕು ಕಣಮ್ಮ. ಸೊಸೆ ಮುಂದೆ ಕೂರಕ್ಕೆ ನಾಚ್ಕೆ ಆಯ್ತದೆ."

ಬಚ್ಚಲು ಇದ್ದದ್ದು ಹಿತ್ತಲ ಬಾಗಿಲಿನ ಆಚೆ. ಆ ಬಾಗಿಲಿನ ಎತ್ತರದ ಹೊಸ್ತಿಲು ತೆಗೆಸಲು ಅತ್ತೆ ಒಪ್ಪಲಿಲ್ಲ. ಅರಿಶಿನ ಕುಂಕುಮ ಇಟ್ಟದ್ದನ್ನು ತುಳಿಯುವುದಂತೂ ಆಗದ ಮಾತು. ಮೇಡಂ ವಾದಿಸಲಿಲ್ಲ. ಅದರ ಎತ್ತರವನ್ನು ಬೆರಳಲ್ಲಿ ಅಳೆದು, ಅಷ್ಟೇ ಎತ್ತರದ ಮರದ ತುಂಡನ್ನು ನಡುಮನೆಯಲ್ಲಿಟ್ಟು ವಾರಗಟ್ಟಲೆ ದಾಟಿಸಿದರು. ಹಿತ್ತಲ ಬಾಗಿಲ ಚೌಕಟ್ಟಿಗೆ ಒಂದು ಹಿಡಿ ಹಾಕಿಸಿದರು.

ಕೊನೆಗೊಂದು ಬೆಳಿಗ್ಗೆ ಅತ್ತೆ ನಿಜವಾದ ಹೊಸ್ತಿಲ ಮುಂದೆ ನಿಂತರು. ಬಲಗಾಲು ದಾಟಿತು. ಎಡಗಾಲಿನ ಹೆಬ್ಬೆರಳು ಅಂಚಿಗೆ ಸಿಕ್ಕಿ ಮೈ ವಾಲಿತು.

"ಬಿದ್ದುಬಿಡ್ತಾರೆ ಮೇಡಂ!" ನಾನು ಮುನ್ನುಗ್ಗಿದೆ.

"ಕೈ ಹಿಂದಕ್ಕೆ ಕಣಮ್ಮ!" ಅವರ ಒಂದು ತೋಳು ನನಗೆ ಅಡ್ಡ ಬಂತು. ಇನ್ನೊಂದು ಕೈ ಅತ್ತೆಯ ಸೊಂಟದ ಹಿಂದೆ, ಮುಟ್ಟದೆ, ಕಾಯುತ್ತಿತ್ತು.

ಅತ್ತೆ ಹಿಡಿಯನ್ನು ಬಿಗಿಯಾಗಿ ಹಿಡಿದರು. "ಇಬ್ರೂ ಬಾಯ್ ಮುಚ್ಕಂಡ್ ನಿಂತ್ಕಳ್ರೇ" ಎಂದು ಗದರಿ, ಕಾಲೆತ್ತಿ ದಾಟಿದರು. ನಾಲ್ಕು ಹೆಜ್ಜೆ ನಡೆದು ಬಚ್ಚಲ ಬಾಗಿಲನ್ನು ನಮ್ಮ ಮುಖಕ್ಕೇ ಹಾಕಿಕೊಂಡರು.

ಮೇಡಂ ಬಳೆಗಳನ್ನು ಕೆಳಗಿಳಿಸಿಕೊಂಡರು. ನನ್ನ ಕೈಗಳು ಆಗಲೂ ಬೆನ್ನ ಹಿಂದೆಯೇ ಇದ್ದವು.