ಕಸಕ್ಕೆ ಬಿದ್ದ ರಾಮನಾಮ

"ರಾಮನ ಹೆಸರು ನಿಮಗ ಕಸ ಆತೇನ್ರಿ?" ಜೀನ್ಸ್ ಹೊಲಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದ ಪಕ್ಕದ ಮನೆಯ ನಾಗಮ್ಮ ನನ್ನ ಮುಂದೆ ಫೋನ್ ಹಿಡಿದರು. ರಾಯದುರ್ಗದ ನಮ್ಮ ಓಣಿಯ ಹೆಂಗಸರು ಸೇರಿ ಬರೆಯುವ ಬ್ಲಾಗಿಗೆ ಅವರು ಕಳಿಸಿದ ಮೊದಲ ಬರಹ 'ಕಸ' ಎಂಬ ಸ್ಪ್ಯಾಮ್ ಪಟ್ಟಿಗೆ ಹೋಗಿತ್ತು. ಜಾಹೀರಾತಿನ ಕಾಟ ತಡೆಯಲು, ಬ್ಲಾಗ್ ನೋಡಿಕೊಳ್ಳುವ ನಾನು ಅಂದೇ ಹಾಕಿದ್ದ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶ, ಒಂದೇ ಪದ ಪದೇ ಪದೇ ಬಂದರೆ ಬರಹವನ್ನೇ ಎತ್ತಿ ಎಸೆಯುತ್ತಿತ್ತು. ನಾಗಮ್ಮನೋ, ಶುರುವಿಗೇ ನೂರೆಂಟು ಸಲ 'ಶ್ರೀರಾಮ' ಬರೆದಿದ್ದರು.

"ಇನ್ನ ನಾ ಬರಿಯಂಗಿಲ್ಲ ಬಿಡ್ರಿ" ಎಂದರು. ಕೂಡಲೇ ಬೇರೆ ಪ್ಲಗಿನ್ ಹಾಕಿ, ಅವರ ಎದುರೇ ಮತ್ತೆ ಕಳಿಸಿದೆ. ಬರಹ ನಾಮಸಮೇತ ಮೂಡಿತು. "ಇದಕ್ಕ ಸ್ವಲ್ಪ ಭಕ್ತಿ ಐತಿ ನೋಡ್ರಿ" ಎಂದು ನಕ್ಕರು.

ಈಗ ಯಾವ ಪ್ಲಗಿನ್ ಬಂದರೂ ನೂರೆಂಟು ರಾಮನಾಮ ಬರೆದೇ ಪರೀಕ್ಷಿಸುತ್ತೇನೆ. ಕೆಲಸವೂ ಆಗುತ್ತದೆ, ಆ ದಿನದ ಜಪವೂ.