ರೋಡ್ಸ್ ದ್ವೀಪದಲ್ಲಿ ಉಂಡ ಊಟ

ಗ್ರೀಕರ ದ್ವೀಪವೊಂದರಲ್ಲಿ ಮುದುಕಿಯೊಬ್ಬಳ ಮನೆಯಲ್ಲಿ ಉಂಡೆ ಅನ್ನೋ ಕಾರಣಕ್ಕೆ ನಮ್ಮ ಕುಲದ ಹಿರಿಯರು ನನ್ನ ನಾಲಿಗೆಗೆ ಬರೆ ಹಾಕಬೇಕು ಅಂತ ತೀರ್ಮಾನ ಮಾಡಿದರು. ಒಪ್ಪದಿದ್ದರೆ ತಂಗಿಯ ಮದುವೆ ನಿಲ್ಲುತ್ತೆ. ಇಷ್ಟು ವಯಸ್ಸಾಯ್ತಲ್ಲ, ಇನ್ನೂ ಸಿಟ್ಟು ಇಳಿದಿಲ್ವಾ ಅಂತ ಈಗ ಕೇಳೋರಿದ್ದಾರೆ. ಇಳಿದಿಲ್ಲ. ಯಾಕೆ ಇಳೀಬೇಕು?

ನಮ್ಮದು ನಂಗಲಿ ಹತ್ತಿರದ ಹಳ್ಳಿ. ಅಪ್ಪ ಬೇಗ ತೀರಿಕೊಂಡ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಲಾರಿ ಓಡಿಸೋದು ಕಲಿತು, ಅಮ್ಮನನ್ನೂ ತಂಗಿಯನ್ನೂ ರಾಗಿ ಹೊಲಕ್ಕೆ ಬಿಟ್ಟು ಸೈನ್ಯ ಸೇರಿದೆ. ಎಲ್ಲೆಲ್ಲೋ ತಿರುಗಿಸಿದರು. ಯುದ್ಧ ಮುಗಿದ ಮೇಲೆ ನಮ್ಮ ಲಾರಿಗಳನ್ನು ಹಡಗಿನಿಂದ ರೋಡ್ಸ್ ದ್ವೀಪದಲ್ಲಿ ಇಳಿಸಿದರು. ಅಕ್ಕಿ, ಹಿಟ್ಟು ಸಾಗಿಸೋದು ಕೆಲಸ. ಭಾನುವಾರ ರಜಾ.

ರಜಾ ಅಂದ್ರೆ ನಾನು ಗುಡಾರದಲ್ಲಿ ಬಿದ್ದುಕೊಳ್ಳೋ ಪೈಕಿ ಅಲ್ಲ. ಅಲ್ಲಿನ ಹಳೇ ಊರಿನ ಸುತ್ತ ದೊಡ್ಡ ಕೋಟೆ. ಆ ಗೋಡೆ ಮೇಲೆ ಎತ್ತಿನ ಗಾಡಿ ಓಡಿಸಬಹುದಿತ್ತು. ಒಳಗೆ ಬೀದಿಗೆಲ್ಲ ನುಣ್ಣನೆ ಬೆಣಚುಕಲ್ಲು, ಮೂಲೆ ಮೂಲೆಯಲ್ಲಿ ಕುಂಬಳಕಾಯಿ ಗಾತ್ರದ ಕಲ್ಲುಗುಂಡು. ಹಿಂದಿನ ಕಾಲದಲ್ಲಿ ಶತ್ರುಗಳು ಹೊಡೆದಿದ್ದಂತೆ. ಒಂದು ಕಡೆ ಚರ್ಚು, ಒಂದು ಕಡೆ ಮಸೀದಿ, ನಡುವೆ ಅಂಜೂರದ ಗಿಡ. ಒಂದೊಂದು ಬಾಗಿಲನ್ನೂ ಮುಟ್ಟಿ ಮುಟ್ಟಿ ನೋಡಿದೆ. ದುಡ್ಡಿರೋ ದೊರೆಗಳು ಟಿಕೇಟು ಕೊಂಡು ನೋಡೋದನ್ನ ನಾನು ಸರ್ಕಾರದ ಖರ್ಚಲ್ಲಿ ನೋಡಿದೆ!

ಇನ್ನು ಸಮುದ್ರ. ನಮ್ಮ ಕೋಲಾರ ಸೀಮೆಯೋರಿಗೆ ನೀರು ಅಂದ್ರೆ ಕೆರೆ. ಕೆರೆ ಕಂಡರೆ ಬಟ್ಟೆ ಒಗೀಬೇಕು. ಮೊದಲನೇ ಭಾನುವಾರವೇ ಒಂದು ಒಳ್ಳೇ ಕಲ್ಲು ನೋಡಿಕೊಂಡು, ದಡದಲ್ಲಿ ಕೂತು ಷರ್ಟಿಗೆ ಸೋಪು ಉಜ್ಜಿದೆ. ನೊರೆ ಬರಲೇ ಇಲ್ಲ. ಇನ್ನಷ್ಟು ಉಜ್ಜಿದೆ. ಸೋಪು ಕೆಟ್ಟ ಹಾಲಿನ ಥರ ಒಡೀತು. ಥೂ, ಇದೇನು ಹಾಳು ನೀರು ಅಂತ ಬೈಕೊಳ್ಳೋವಾಗ ಹಿಂದಿನಿಂದ ಯಾರೋ ಹೊಟ್ಟೆ ಹಿಡಿದುಕೊಂಡು ನಗೋದು ಕೇಳಿಸಿತು. ಕರೀ ಸೀರೆ ಅಲ್ಲ, ಕರೀ ಲಂಗ ಅನ್ನಿ, ತಲೆಗೆ ಕರೀ ವಸ್ತ್ರ ಕಟ್ಟಿದ್ದ ಮುದುಕಿ. ನಕ್ಕು ಮುಗಿಸಿ, ರಟ್ಟೆ ಹಿಡಿದು ದರದರ ಅಂತ ತನ್ನ ಮನೆಯ ಬಾವಿಗೆ ಕರಕೊಂಡು ಹೋದಳು. ಅವಳು ಅವಳ ಭಾಷೇಲಿ ಬೈದಳು, ನಾನು ಅರ್ಧ ಕನ್ನಡ ಅರ್ಧ ತೆಲುಗಲ್ಲಿ ಉತ್ತರ ಕೊಟ್ಟೆ. ಇಬ್ಬರಿಗೂ ಅರ್ಥವಾಯ್ತು.

ಬಟ್ಟೆ ಒಣಗೋವರೆಗೂ ಕೂರಿಸಿ ಊಟ ಹಾಕಿದಳು. ತಟ್ಟೆ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಗೋಣಿ ಸೊಪ್ಪು! ನಮ್ಮ ಹೊಲದ ಬದುವಿನಲ್ಲಿ ಅಮ್ಮ ಕೀಳ್ತಿದ್ದ ಅದೇ ಸೊಪ್ಪು, ಬೇಯಿಸಿ, ಹಸಿರು ಎಣ್ಣೆ ಸುರಿದು, ನಿಂಬೆಹಣ್ಣು ಹಿಂಡಿದ್ದಳು. ಜೊತೆಗೆ ಕಲ್ಲಿನಂಥ ಬಾರ್ಲಿ ರೊಟ್ಟಿ. ನೀರಲ್ಲಿ ನೆನೆಸಿ, ಅರ್ಧ ಮುರಿದು ನನಗೆ, ಅರ್ಧ ಅವಳಿಗೆ. ಪಕ್ಕದ ಮನೆಯವನಿಗೆ ಹರಕು ಮುರುಕು ಇಂಗ್ಲಿಷ್ ಬರ್ತಿತ್ತು, ನನಗೂ ಅಷ್ಟೇ. ಅವನು ಹೇಳಿದ: ಯುದ್ಧದಲ್ಲಿ ಊಟವಿಲ್ಲದೆ ಅವಳ ಗಂಡ ಸತ್ತನಂತೆ. ಅವಳ ಮನೆಯಲ್ಲಿ ಅವತ್ತು ಇದ್ದಿದ್ದೂ ಅದೊಂದೇ ರೊಟ್ಟಿಯಂತೆ.

ಆಮೇಲೆ ಪ್ರತಿ ಭಾನುವಾರ ಹೋದೆ, ನನ್ನ ಪಾಲಿನ ಸಕ್ಕರೆ, ಟೀ ಪುಡಿ ತಗೊಂಡು. ಒಂದು ಸಲ ನಾನೇ ಬಾರ್ಲಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿದೆ. ಅಯ್ಯೋ ಶಿವನೇ, ಅವಳು ಅದನ್ನ ಅಗಿದಳು! ಮುದ್ದೆ ಅಗಿಯೋದುಂಟಾ? ನುಂಗಬೇಕು ಕಣಮ್ಮಾ, ನುಂಗು ಅಂತ ಗಂಟಲು ತೋರಿಸಿದೆ. ಹಲ್ಲಿಗೆಲ್ಲ ಮೆತ್ತಿಕೊಂಡು ಅವಳು ನಕ್ಕ ನಗುವಿಗೆ ಕೋಳಿಗಳು ಅಂಗಳ ಬಿಟ್ಟು ಓಡಿದವು.

ಊರಿಗೆ ವಾಪಸು ಬಂದ ಮೇಲೆ ಇದನ್ನೆಲ್ಲ ಅರಳೀಕಟ್ಟೆಯಲ್ಲಿ ಕೂತು ಹೇಳಿದೆ. ಯಾಕೆ ಹೇಳಬಾರದು? ಅಷ್ಟರಲ್ಲಿ ತಂಗಿಗೆ ಯಲ್ದೂರಿನ ಸಂಬಂಧ ಕೂಡಿತ್ತು. ಮಾವಿನ ತೋಪಿನವರು, ಹುಡುಗನೂ ಅವಳಿಗೆ ಒಪ್ಪಿಗೆ. ನಮ್ಮಲ್ಲಿ ತವರಿನವರದೊಂದು, ಗಂಡಿನವರದೊಂದು ಅಂತ ಎರಡು ಬೊಟ್ಟು ತಾಳಿ. ಅಮ್ಮ ಮುಳಬಾಗಿಲಿಗೆ ಹೋಗಿ ನಮ್ಮ ಕಡೆಯ ಬೊಟ್ಟು ಮಾಡಿಸಿ ತಂದಿದ್ದಳು. ಆಗ ಗಂಡಿನವರ ಕಿವಿಗೆ ನನ್ನ ಕಥೆ ಬಿತ್ತು.

ಕುಲದ ಯಜಮಾನ ನಮ್ಮ ಅಂಗಳದಲ್ಲೇ ಪಂಚಾಯ್ತಿ ಸೇರಿಸಿದ. ಗಂಡಿನ ತಂದೆಯೂ ಬಂದು ಚಾಪೆ ಮೇಲೆ ಕೂತ.

"ಏನ್ಲಾ, ಸೈನ್ಯದಲ್ಲಿ ಉಂಡಿದ್ದು ಹೊಟ್ಟೆಪಾಡು, ಬಿಡು. ಜಾತಿ ಗೊತ್ತಿಲ್ಲದೋಳ ಮನೆಗೆ ನೀನಾಗಿ ಯಾಕೆ ಹೋದೆ?" ಅಂದ ಯಜಮಾನ.

"ಕರೆದಳು, ಹೋದೆ."

"ಆಯ್ತು. ತಪ್ಪಾಯ್ತು ಅನ್ನು, ನಾಲಿಗೆ ಚಾಚು. ಚಿನ್ನ ಕಾಯಿಸಿ ಮುಟ್ಟಿಸ್ತೀವಿ, ಶುದ್ಧವಾಗ್ತೀಯ. ಒಂದು ಗಳಿಗೆ ಉರಿ, ಅಷ್ಟೇ."

"ಉರಿಗೆ ನಾನು ಹೆದರಲ್ಲ ಕಣಯ್ಯಾ. ಆದ್ರೆ ತಪ್ಪಾಯ್ತು ಅನ್ನೋ ಮಾತು ಮಾತ್ರ ಬರಲ್ಲ. ಹಸಿವಿಗೆ ಗಂಡನ್ನ ಕಳಕೊಂಡೋಳು ಇದ್ದೊಂದು ರೊಟ್ಟೀಲಿ ಅರ್ಧ ಕೊಟ್ಟಳು. ತಪ್ಪು ಅಂದ್ರೆ ಅವಳ ಮುಖಕ್ಕೆ ಉಗಿದಂಗೆ."

"ಏಮಿರಾ ಪೊಗರು!" ಅಂತ ಯಜಮಾನನಿಗೆ ತೆಲುಗು ಬಂತು. ಸಿಟ್ಟು ಬಂದ್ರೆ ಅವನಿಗೆ ತೆಲುಗೇ.

ಅಮ್ಮ ನನ್ನ ಕಾಲು ಹಿಡಿಯೋಕೆ ಬಂದಳು. "ಮಗಾ, ಹುಡುಗಿ ಮುಖ ನೋಡು. ಒಂದು ಮಾತು ಅಂದುಬಿಡಪ್ಪಾ." ನನಗೆ ಎದೆ ಒಡೆದುಹೋಯ್ತು. ಆ ಹುಡುಗ ತಂಗಿಗೆ ಇಷ್ಟ ಅಂತ ನನಗೂ ಗೊತ್ತಿತ್ತು. ನಿಜ ಹೇಳ್ತೀನಿ, ಆ ಗಳಿಗೇಲಿ ಬಾಯಿ ತೆರೆಯೋಣ ಅನ್ನಿಸಿತು.

ಬರೆ ಹಾಕೋ ಚಿನ್ನ ತಪ್ಪು ಮಾಡಿದವನ ಮನೆಯದೇ ಆಗಬೇಕು, ಅದು ಕಟ್ಟಳೆ. ನಮ್ಮ ಮನೆಯಲ್ಲಿದ್ದ ಚಿನ್ನ ಆ ಬೊಟ್ಟೊಂದೇ. ನಾನು ಬಾಯಿ ತೆರೆಯೋ ಮೊದಲೇ "ತಗೊಂಬಾಮ್ಮಾ" ಅಂತ ಯಜಮಾನ ಮನೆಯೊಳಕ್ಕೆ ಕೂಗಿದ. ಆಚೆ ಬಂದಿದ್ದು ತಂಗಿ. ಅವಳ ಕತ್ತಿನಲ್ಲಿ ಅರಿಶಿನದ ದಾರ. ಬೊಟ್ಟನ್ನ ಪೋಣಿಸಿ, ಮೂರು ಗಂಟು ಹಾಕಿ, ತಾನೇ ಕಟ್ಟಿಕೊಂಡುಬಿಟ್ಟಿದ್ದಳು.

"ಬೇಕಾದೋರು ಬಂದು ಬಿಚ್ಚಿಕೊಳ್ಳಿ" ಅಂದಳು.

ಕಟ್ಟಿದ ತಾಳಿ ಬಿಚ್ಚೋ ಕೈ ಯಾವುದು? ಯಜಮಾನ ಕೂತಲ್ಲೇ ಬೆವರಿದ. ಗಂಡಿನ ತಂದೆ ಮೇಲುವಸ್ತ್ರ ಕೊಡವಿಕೊಂಡು ಎದ್ದು ಹೋದ. ಚಿನ್ನ ಕಾಯಿಸೋಕೆ ಅಂತ ಅಂಗಳದಲ್ಲಿ ಹಚ್ಚಿದ್ದ ಕೆಂಡದ ಮೇಲೆ ಅಮ್ಮ ನೀರು ಸುರಿದಳು. ನಾನು ಲೇ, ಏನು ಮಾಡಿಕೊಂಡ್ಯೇ ಅಂತ ಕಿರುಚಿದೆ. ತಾನೇ ತಾಳಿ ಕಟ್ಟಿಕೊಂಡ ಹುಡುಗಿಯನ್ನ ನಮ್ಮ ಸೀಮೆಯಲ್ಲಿ ಇನ್ಯಾರೂ ಕೇಳಿ ಬರಲ್ಲ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕಟ್ಟಿಕೊಂಡಳು.

ಯಾರೂ ಬರಲಿಲ್ಲ. ಕುಲದವರು ನಮ್ಮನ್ನ ಹೊರಗಿಟ್ಟು, ನಮ್ಮ ಮನೆಗೆ ಬೆಂಕಿ, ನೀರು ಕೊಡೋದು ನಿಲ್ಲಿಸಿದರು. ನಾವು ಊರು ಬಿಡಲಿಲ್ಲ, ತಲೆ ತಗ್ಗಿಸಲೂ ಇಲ್ಲ. ನೀರಿಗೆ ಊರಾಚೆಯ ಬಾವಿಗೆ ಹೋದಾಗ ಅಲ್ಲಿನ ಹೆಂಗಸರು ತಂಗಿಯ ಕತ್ತು ನೋಡಿ ಮೂತಿ ತಿರುವಿದರೆ, "ಗಂಡನಿಲ್ಲದ ತಾಳಿ ಕಣ್ರೇ, ಮುಂಡೆಯಾಗೋ ಭಯವೇ ಇಲ್ಲ" ಅಂತ ಗಟ್ಟಿಯಾಗಿ ನಗ್ತಿದ್ದಳು. ಮನೆಗೆ ಬಂದು ನನಗೂ ಅದನ್ನೇ ಹೇಳಿ ನಗ್ತಿದ್ದಳು. ನನಗೆ ಒಂದು ಸಲವೂ ನಗು ಬರಲಿಲ್ಲ.