ಗೋಡೆಯೊಳಗೆ ಕಾದಿದ್ದ ದಾರ

ನಾವು ನೆಲೆಸಿರುವ ಪರದೇಶದ ಊರು ಕೆಂಟನ್ನಿನ ಹಳೆಯ ಸಮುದಾಯ ಭವನದಲ್ಲಿ ಗೋಡೆಯೊಳಗಿನ ವೈರ್ ಪೈಪಿನ ಮುಚ್ಚಳ ತೆಗೆದಾಗ ಒಳಗಿಂದ ದಾರದ ತುದಿಯೊಂದು ಇಣುಕಿತು. ನಮ್ಮ ಮಕ್ಕಳ ಕನ್ನಡ ತರಗತಿಯ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯಬೇಕಿತ್ತು. ಗೋಡೆ ಕೊರೆಯಲು ಸ್ಥಳೀಯ ಕೌನ್ಸಿಲ್‌ನ ಅನುಮತಿ ಇರಲಿಲ್ಲ; ಆ ಹಳೆಯ ಪೈಪೇ ಗತಿ.

“ಹಿಂದ ವೈರ್ ಎಳದವ್ರು ಮುಂದ ಬರೋರಿಗಂತ ಬಿಟ್ಟು ಹೋಗ್ಯಾರ್ರಿ,” ಎಂದರು ಕೇಬಲ್ ಕೆಲಸ ಬಲ್ಲ ಧಾರವಾಡದ ಗೆಳೆಯ ಬಸವರಾಜ್. “ನಮ್ಮ ಕೆಲಸದಾಗ ಅದು ಪದ್ಧತಿ.”

ಕೇಬಲನ್ನು ಆ ದಾರಕ್ಕೆ ಕಟ್ಟಿ ಆಚೆ ಕೋಣೆಯಿಂದ ಎಳೆದೆವು. ಎಷ್ಟೋ ವರ್ಷ ಕತ್ತಲಲ್ಲಿ ಕಾದಿದ್ದ ದಾರ ಎಲ್ಲೂ ತುಂಡಾಗದೆ ಕೇಬಲನ್ನು ನನ್ನ ಕೈಗೆ ತಂದುಕೊಟ್ಟಿತು.

ಅದನ್ನು ಬಿಟ್ಟುಹೋದವರು ಯಾರೋ, ಯಾವ ದೇಶದವರೋ. ನಾವೂ ಕೇಬಲಿನ ಜೊತೆಗೆ ರಾಜ್ಯೋತ್ಸವದ ತೋರಣದಲ್ಲಿ ಉಳಿದ ಹಳದಿ-ಕೆಂಪು ದಾರವೊಂದನ್ನು ಗೋಡೆಯೊಳಗೆ ಬಿಟ್ಟು ಬಂದಿದ್ದೇವೆ. ಮುಂದೆ ಬರುವವರಿಗೆ ಆ ಬಣ್ಣಗಳ ಅರ್ಥ ತಿಳಿಯಬೇಕಿಲ್ಲ. ಹಿಡಿದು ಎಳೆದರೆ ಸಾಕು.